ಒರೆಸದೆ ಉಳಿದ ಹಳದಿ ಬರಹ

“ಸಾಯುವ ಮುಂಚೆ ಅವಳು ಯಾರನ್ನೂ ಕರೆಯಲಿಲ್ಲ” ಎಂದು ನಮ್ಮ ತಾಯಿಯ ಬಗ್ಗೆ ಅಣ್ಣಂದಿರು ಇಂದಿಗೂ ಹೇಳುತ್ತಾರೆ. ನಾನು ಒಪ್ಪಿಲ್ಲ. ಆ ಮಧ್ಯಾಹ್ನ ಅವರಿಬ್ಬರೂ ಕಾರ್ಖಾನೆಯ ಶಿಫ್ಟಿನಲ್ಲಿದ್ದರು. ಹೊಸೂರಿನ ಆಸ್ಪತ್ರೆಯಲ್ಲಿ ಅವಳು ಒಬ್ಬಳೇ ಇದ್ದಳು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ವಿದ್ಯುತ್ ಮಾರ್ಗದ ಸರ್ವೆಗೆ ಹೊಸೂರಿನಿಂದ ಕೃಷ್ಣಗಿರಿಯವರೆಗೆ ಮೂರು ಜೀಪುಗಳು ಓಡಾಡುತ್ತಿದ್ದವು. ಒಂದನೆಯದರಲ್ಲಿ ನಾನು ವೈರ್‌ಲೆಸ್ ನೋಡಿಕೊಳ್ಳುತ್ತಿದ್ದೆ. ಆ ವಿದ್ಯೆಯನ್ನು ಹಳೆಯ ರೇಡಿಯೊ ಬಿಚ್ಚಿ ಬಿಚ್ಚಿಯೇ ಕಲಿತಿದ್ದೆ. ಗುಡ್ಡ ಅಡ್ಡ ಬಂದರೆ ಮಾತು ನಿಲ್ಲುತ್ತಿತ್ತು. ಆದ್ದರಿಂದ ಕಚೇರಿಯಿಂದ ಒಂದು ಜೀಪಿಗೆ ಬಂದ ಮಾತನ್ನು ಕೇಳಿಸಿಕೊಂಡ ಇನ್ನೊಂದು ಜೀಪು ತನ್ನ ಬಾಗಿಲಿನ ಒಳಮೈಯಲ್ಲಿ ಹಳದಿ ಮೇಣದ ಕಡ್ಡಿಯಿಂದ ಬರೆದಿಡಬೇಕು, ಸಿಕ್ಕಾಗ ದಾಟಿಸಬೇಕು, ದಾಟಿಸಿದ ಮೇಲಷ್ಟೇ ಸೀಮೆಎಣ್ಣೆಯಲ್ಲಿ ಒರೆಸಬೇಕು. ಇದು ನಮ್ಮ ಕಟ್ಟಳೆ.

ಅಂದು ನಾನು ಸೂಳಗಿರಿಯ ಗುಡ್ಡದ ಹಿಂದಿದ್ದೆ. ಮರುದಿನ ಊರಿಗೆ ಬಂದಾಗ ದಹನವೂ ಮುಗಿದಿತ್ತು.

ಎಂಬತ್ತರ ದಶಕದಲ್ಲಿ, ಅಣ್ಣಂದಿರು ಬೇರೆ ಹೋಗಿ ಮನೆಯಲ್ಲಿ ಮಾತಾಡುವವರು ಯಾರೂ ಉಳಿಯದಾಗ, ಎರಡನೇ ಜೀಪಿನ ಚಾಲಕನನ್ನು ಹುಡುಕಿ ಆ ದಿನದ ಬಗ್ಗೆ ಕೇಳಿದೆ.

“ಇಷ್ಟು ವರ್ಷದ್ ಹಿಂದಿನ್ ಮಾತ್ ಕೇಳ್ತೀಯಲ್ಲ, ನಾನೇನ್ ಟೇಪ್ ರೆಕಾರ್ಡರಾ ಕಣ್ಲಾ?” ಎಂದು ನಕ್ಕ. ಆಮೇಲೆ ನಗಲಿಲ್ಲ. “ನಿನ್ ಜೀಪಿಗೇ ಒಂದ್ ಮಾತ್ ಬಂದಿತ್ತು. ‘ಕರೀತಾವ್ರೆ, ಬಿರ್ನೆ ಬಾ’ ಅಂತ. ಯಾರು ಅಂತ ಮರ್ತೋಯ್ತು. ಮೂರ್ನೇ ಜೀಪು ನಿನ್ ಕಡೆ ಬತ್ತಿತ್ತು, ಅದಕ್ಕೆ ದಾಟ್ಸಿ ಒರೆಸ್ಬುಟ್ಟೆ.”

ಮೂರನೆಯದು ನನ್ನ ಬಳಿ ಬರಲೇ ಇಲ್ಲ. ಉದ್ದನಪಲ್ಲಿಯ ಹತ್ತಿರ ಅಚ್ಚು ಮುರಿದು ನಿಂತಿತು, ಹಾಗೆಯೇ ಹರಾಜಾಯಿತು. ಅದರ ಚಾಲಕ ಈಗಿಲ್ಲ. ಬಾಗಿಲು ಮಾತ್ರ ಒಬ್ಬ ರೈತನ ಪಂಪುಮನೆಯ ಕಿಟಕಿಗೆ ಮುಚ್ಚಳವಾಗಿತ್ತು.

“ಬರೇ ಗೀಚು, ಸಾಮಿ,” ಎಂದರು ಆ ಮನೆಯಾಕೆ. “ಉಜ್ಜೋಣ ಅಂದ್ಕಂಡೆ, ಮೋಟ್ರು ಮನೆಗೆ ಯಾಕ್ ಚಂದ ಅಂತ ಬುಟ್ಟೆ.”

ಮಸಿಯ ಕೆಳಗೆ ಹಳದಿ ಇತ್ತು: “ಒಂದನೇ ಜೀಪಿಗೆ. ತಾಯಿ ಕರೀ”. ಮುಂದಿನದನ್ನು ತುಕ್ಕು ತಿಂದಿತ್ತು. ತುಕ್ಕು ತಿಂದದ್ದು ಎರಡನೇ ಚಾಲಕನ ನೆನಪಿನಲ್ಲಿತ್ತು. ಅವನು ಮರೆತದ್ದು ಇಲ್ಲಿತ್ತು. ಅವಳ ಕರೆಯನ್ನು ಆಸ್ಪತ್ರೆಯಿಂದ ಕಚೇರಿಗೆ ಯಾರು ತಿಳಿಸಿದರೆಂಬುದು ಇನ್ನೂ ಗೊತ್ತಿಲ್ಲ.

ಅಣ್ಣಂದಿರು ನೋಡಲು ಬಂದಿಲ್ಲ. ಬಾಗಿಲು ಈಗಲೂ ಉದ್ದನಪಲ್ಲಿಯ ದಾರಿಯಲ್ಲಿ, ಹುಣಸೆಮರದ ಪಕ್ಕದ ಪಂಪುಮನೆಯಲ್ಲಿದೆ. ಬೀಗವಿಲ್ಲ. ಬರಹದ ಮೈ ಒಳಕ್ಕಿದೆ, ನೋಡಬೇಕೆನ್ನುವವರು ಒಳಗೆ ಹೋಗಿ ನೋಡಬೇಕು.