ಮನೆಮಾತಿನಲ್ಲಿ ಬಂದ ಕರೆ

ದೆವ್ವ, ದೈವವಾಣಿ ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ನಡುವೆ ಬಾಯಿ ಹಾಕಿ ಕೆಡಿಸುವುದು ನನ್ನ ಚಾಳಿ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನೀವು ನಡುವೆ ಬಾಯಿ ಹಾಕಿದರೆ ನನಗೇನೂ ಬೇಸರವಿಲ್ಲ.

ನೂಲಿನ ಗಿರಣಿಗಳ ಲ್ಯಾಬಿನಲ್ಲಿ ನೂಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಾಯಂ ಅಲ್ಲ, ಗುತ್ತಿಗೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹುಡುಕಬೇಕು. ಕೆಲವು ವರ್ಷಗಳ ಹಿಂದೆ ಉದ್ಯೋಗದ ವೆಬ್‌ಸೈಟಿನಲ್ಲಿ ನಂಬರ್ ಹಾಕಿದ್ದೇ ತಡ, ಕಂಡು ಕೇಳರಿಯದವರ ಕರೆಗಳು ಶುರುವಾದವು. ನೀವು ಆಯ್ಕೆಯಾಗಿದ್ದೀರಿ ಎನ್ನುತ್ತಾರೆ. ಯಾವ ಗಿರಣಿ ಎಂದರೆ ಬಾಯಿ ಬಿಡುವುದಿಲ್ಲ. ಆಧಾರ್ ಕೇಳುತ್ತಾರೆ, ಒಟಿಪಿ ಕೇಳುತ್ತಾರೆ. ಬೈದು ಬೈದು ಸಾಕಾಗಿ ನಾನೊಂದು ಉಪಾಯ ಕಂಡುಕೊಂಡೆ.

ನಮ್ಮದು ಕೊಂಬೈ ಎಂಬ ಊರು. ತಲೆತಲಾಂತರದಿಂದ ತಮಿಳುನಾಡಿನಲ್ಲೇ ಇದ್ದರೂ ಮನೆಯೊಳಗೆ ಕನ್ನಡ ಆಡುವ ಬೇಸಾಯಗಾರರು. ಆ ಕನ್ನಡ ಬೆಂಗಳೂರಿನವರಿಗೂ ಅರ್ಧವೇ ತಿಳಿಯುವುದು. ಅನುಮಾನದ ಕರೆಗೆಲ್ಲ ಅದರಲ್ಲೇ ಉತ್ತರ ಕೊಡತೊಡಗಿದೆ. "ನೀವ್ ಯಾರು, ಯಾವೂರು, ಎಂತಾ ವೇಲೆ" ಎಂದು ಊರು, ಕೆಲಸ ವಿಚಾರಿಸಿದರೆ ಸಾಕು, ಆ ಕಡೆಯವನು ತಬ್ಬಿಬ್ಬಾಗಿ ಫೋನ್ ಇಟ್ಟುಬಿಡುತ್ತಿದ್ದ.

ಇಷ್ಟು ಜಾಣೆಯಾದ ನಾನು ಕೊನೆಗೊಬ್ಬನನ್ನು ನಂಬಿದೆ. ಅವನು ಹಣ ಕೇಳಲಿಲ್ಲ. ಗಿರಣಿಯ ಹೆಸರು ಹೇಳಿದ, ನೂಲಿನ ಬಗ್ಗೆ ಸರಿಯಾದ ಪ್ರಶ್ನೆಗಳನ್ನೇ ಕೇಳಿದ. ಇಬ್ಬರು ಬೇಕು ಎಂದಾಗ ವೇದಸಂದೂರಿನಲ್ಲಿದ್ದ ಹಳೆಯ ಜೊತೆಗಾತಿ ಸೆಲ್ವಿಯ ಹೆಸರನ್ನೂ ನಾನೇ ಕೊಟ್ಟೆ. ಡಿಪ್ಲೊಮಾದ ಮೂಲ ಪ್ರಮಾಣಪತ್ರವನ್ನು ದಿಂಡಿಗಲ್ಲಿನ ಒಂದು ಲಾಡ್ಜಿಗೆ ತಂದು ಒಪ್ಪಿಸಬೇಕು, ಪರಿಶೀಲಿಸಿ ಹಿಂದಿರುಗಿಸುತ್ತೇವೆ ಎಂದ. ಮೂಲಪತ್ರ ಒತ್ತೆಯಿಟ್ಟುಕೊಂಡು ಹಣ ಕೀಳುವವರ ಕಥೆ ಕೇಳಿದ್ದೆ, ಅದು ಕೈತಪ್ಪಿದರೆ ಯಾವ ಗಿರಣಿಯೂ ನನ್ನನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಗೊತ್ತಿತ್ತು. ಆದರೆ ಕೆಲಸವಿಲ್ಲದೆ ಮನೆಯಲ್ಲಿ ಕೂತು ಬಹಳ ಕಾಲವಾಗಿತ್ತು. ಹೊರಟೆ.

ಬಸ್ಸು ವತ್ತಲಗುಂಡು ದಾಟಿದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಹೆಂಗಸಿನ ದನಿ, ಕೆಲಸದ ವಿಷಯ ಮಾತಾಡಬೇಕು ಎಂದು ತಮಿಳಿನಲ್ಲಿ ಹೇಳಿತು. ನಾನು ಅಭ್ಯಾಸದಂತೆ ಮನೆಮಾತಿನಲ್ಲಿ "ನೀವ್ ಯಾರು" ಎಂದೆ. ದನಿ ತಬ್ಬಿಬ್ಬಾಗಲಿಲ್ಲ. ಅದೇ ಮಾತಿನಲ್ಲಿ, ನಮ್ಮ ಬೀದಿಯ ವಯಸ್ಸಾದವರು ಆಡುವ ಹಾಗೆ ನಿಧಾನವಾಗಿ ಹೇಳಿತು.

"ಅವಸರಪಡಬ್ಯಾಡ ಕಣ್ಣು. ಒರಿಜಿನಲ್ ಯಾರ್ ಕೈಗೂ ಕುಡ್ಬ್ಯಾಡ. ಮೊದ್ಲು ಆ ಮಿಲ್ಲಿಗೆ ನೀನೇ ಪೋನ್ ಪೋಡು."

ಒರಿಜಿನಲ್ ಯಾರಿಗೂ ಕೊಡಬೇಡ ಮಗಳೇ, ಮೊದಲು ಗಿರಣಿಗೆ ನೀನೇ ಫೋನ್ ಮಾಡು ಎಂದು. ಅಷ್ಟೇ, ಕರೆ ಕಡಿಯಿತು. ತಿರುಗಿ ಕರೆಯೋಣವೆಂದು ನೋಡಿದರೆ ಫೋನಿನಲ್ಲಿ ಆ ಕರೆ ಬಂದ ಗುರುತೇ ಇಲ್ಲ. ಕನಸೇನೋ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು, "ಎನ್ನ ಬಾಷೈಮ್ಮಾ ಅದು?" ಅದ್ಯಾವ ಭಾಷೆ ಎಂದು ಕೇಳಿದಳು. ನಾನು ಮಾತಾಡಿದ್ದಂತೂ ನಿಜ.

ದಿಂಡಿಗಲ್ಲಿನಲ್ಲಿ ಇಳಿದವಳೇ ಗಿರಣಿಯ ಕಚೇರಿಗೆ ಫೋನ್ ಮಾಡಿದೆ. ಅಂಥ ಮನುಷ್ಯ ತಮ್ಮಲ್ಲಿಲ್ಲ, ಲ್ಯಾಬಿಗೆ ಜನ ಬೇಕಿರುವುದು ಮಾತ್ರ ಹೌದು, ನೇರವಾಗಿ ಬನ್ನಿ ಎಂದರು. ಹೋದ ಜೀವ ಬಂದಂತಾಯಿತು. ಆಗ ಸೆಲ್ವಿ ನೆನಪಾದಳು. ಫೋನ್ ಮಾಡಿದರೆ ಅವಳು ಆಗಲೇ ಲಾಡ್ಜಿನ ಮಹಡಿಯ ಕೋಣೆಯಲ್ಲಿ ಕೂತಿದ್ದಳು. ಕೊಡಬೇಡ, ಕೆಳಗೆ ಬಾ ಎಂದೆ.

"ಯಾರಕ್ಕಾ ಸೊನ್ನಾ?" ಯಾರು ಹೇಳಿದ್ದು ಎಂದು ಕೇಳಿದಳು.

ಯಾರೋ ಫೋನ್ ಮಾಡಿದರು ಎಂದೆ. ಅವಳು ಕರೆ ಕಡಿದಳು, ಮತ್ತೆ ಎತ್ತಲಿಲ್ಲ. ಗುತ್ತಿಗೆಯವರಲ್ಲಿ ಇದು ಇದ್ದದ್ದೇ. ಒಬ್ಬಳು ಬೇಡ ಎಂದರೆ, ಕೆಲಸವನ್ನು ತಾನೇ ಹೊಡೆಯಲು ನೋಡುತ್ತಿದ್ದಾಳೆ ಎಂದು ಇನ್ನೊಬ್ಬಳು ತಿಳಿಯುತ್ತಾಳೆ. ಅವಳನ್ನು ಅಲ್ಲಿಗೆ ಕಳಿಸಿದವಳೂ ನಾನೇ. ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಲಾಡ್ಜಿನ ಬಾಗಿಲು ಮುಟ್ಟುವಾಗ ಸೆಲ್ವಿ ಫೈಲನ್ನು ಎದೆಗವಚಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಜೆರಾಕ್ಸ್ ಮಾಡಿಸಿ ತರುತ್ತೇನೆಂದು ಅವರಿಗೆ ಸುಳ್ಳು ಹೇಳಿ ಬಂದಿದ್ದಳು. ನನ್ನ ಮಾತು ನಂಬಿದೆಯಲ್ಲ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ನನ್ನ ಮೇಲೆ ಅವಳಿಗೆ ಸಿಟ್ಟೇ ಬಂದಿತ್ತಂತೆ. ಪ್ರಮಾಣಪತ್ರ ಹೊರತೆಗೆಯುವಾಗ ಇನ್ನೊಂದು ಕರೆ ಬಂತಂತೆ.

"ನೀಂಗ ಅಮ್ಮಾಕಿಟ್ಟ ಪೇಸುವೀಂಗಳೇ, ಅಂದ ಬಾಷೈ ಅಕ್ಕಾ" ಎಂದಳು. ನಾನು ಅಮ್ಮನ ಜೊತೆ ಆಡುವ ಆ ಭಾಷೆಯಂತೆ. ಅವಳಿಗೆ ಒಂದು ಮಾತೂ ತಿಳಿಯಲಿಲ್ಲ. ಮತ್ತೇಕೆ ಎದ್ದು ಬಂದೆ ಎಂದೆ. ಯಾರೋ ಮನೆಯವರು ಕರೆದ ಹಾಗಿತ್ತು ಎಂದಳು. ಅವಳ ಫೋನಿನಲ್ಲೂ ಆ ಕರೆಯ ಗುರುತಿರಲಿಲ್ಲ.

ಈಗ ನಾವಿಬ್ಬರೂ ಆ ಗಿರಣಿಯ ಲ್ಯಾಬಿನಲ್ಲೇ ಇದ್ದೇವೆ. ಗುತ್ತಿಗೆಯೇ, ಆದರೆ ಪ್ರತಿ ಸಲ ಮುಂದುವರಿಯುತ್ತಿದೆ. ಅದು ಕುಲದೈವ ಎನ್ನುತ್ತಾಳೆ ಅಮ್ಮ. ಕುಲದೈವಕ್ಕೆ ಸೆಲ್ವಿಯ ನಂಬರ್ ಕೊಟ್ಟವರು ಯಾರು ಎಂದು ನಾನು ಕೆಣಕುತ್ತೇನೆ. ಆ ಮೋಸಗಾರರ ಬಳಿಯೇ ನಮ್ಮ ಕಡೆಯ ಹೆಂಗಸೊಬ್ಬಳು ಹೊಟ್ಟೆಪಾಡಿಗೆ ಕರೆ ಮಾಡುವ ಕೆಲಸದಲ್ಲಿದ್ದು, ಮನಸ್ಸು ತಡೆಯದೆ ಎಚ್ಚರಿಸಿದಳೇ? ಹಾಗಿದ್ದರೆ ಎರಡು ಫೋನುಗಳಿಂದಲೂ ಗುರುತು ಅಳಿಸಿದ್ದು ಹೇಗೆ? ಸೆಲ್ವಿಗೆ ತಿಳಿಯದ ಮಾತಿನಲ್ಲಿ ಅವಳನ್ನು ಕರೆದದ್ದೇಕೆ? ನನಗೆ ಇಂದಿಗೂ ಗೊತ್ತಿಲ್ಲ. ಆ ದನಿ ನಿಜಕ್ಕೂ ನಮ್ಮಂಥ ಒಬ್ಬ ಹೆಂಗಸಿನದೇ ಆಗಿದ್ದರೆ, ಅವಳೂ ಅಲ್ಲಿಂದ ಎದ್ದು ಬಂದಿರಲಿ, ಅವಳಿಗೂ ಒಂದು ಒಳ್ಳೆಯ ಕೆಲಸ ಸಿಕ್ಕಿರಲಿ.