ರೆಕ್ಕೆಯ ಮೇಲೆ ಹೆಸರಿದ್ದ ಫ್ಯಾನು

ಸಂಘ ಸಂಸ್ಥೆಗಳಿಗೆ ಯೋಜನೆ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಬೈಂದೂರಿನ ಕಡೆ ಮೀನು ಮಾರುವ ಹೆಂಗಸರ ಸಂಘ, ಬ್ರಹ್ಮಾವರದ ಹತ್ತಿರದ ಒಂದು ಬಾಲವಾಡಿ, ಕೆರಾಡಿಯ ಆಚೆ ಹೊಳೆ ದಾಟಲು ಒಂದು ಕಾಲುಸಂಕ, ಹೀಗೆ ಯಾರಿಗೆ ಏನು ಬೇಕೋ ಕೇಳಿಕೊಂಡು, ಹಣ ಕೊಡುವವರಿಗೆ ಅರ್ಥವಾಗುವ ಮಾತಿನಲ್ಲಿ ಬರೆದು, ಅವರ ಹಿಂದೆ ಮುಂದೆ ಸುತ್ತಬೇಕಿತ್ತು. ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಕೆಲವರು ಯಾವ ಊರಿನ ಬಸ್ಸೆಂದೂ ನೋಡದೆ ಹತ್ತಿಬಿಡುತ್ತಿದ್ದರು. ಕೆಲವು ಕಡೆ ಗೆದ್ದೆ. ಆದರೆ ನನಗೆ ಪದೇ ಪದೇ ನೆನಪಾಗುವುದು ಸೋತ ಒಂದು ಜಾಗ ಮಾತ್ರ.

ಹಟ್ಟಿಯಂಗಡಿಗೆ ಹೋಗುವ ದಾರಿಯಲ್ಲಿ ನಿವೃತ್ತ ಟೀಚರೊಬ್ಬರು ಬಾಡಿಗೆ ಮನೆಯಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ಹಗಲುಶಾಲೆ ನಡೆಸುತ್ತಿದ್ದರು. ಅಲ್ಲಿ ಮಕ್ಕಳನ್ನು ಉಣ್ಣಿಸಿ, ತೊಳೆದು, ಕೂಗಿದರೆ ಸಮಾಧಾನ ಮಾಡುತ್ತಿದ್ದವಳು ಒಬ್ಬ ಆಯಾ. ಅವಳಿಲ್ಲದ ದಿನ ಶಾಲೆಯೂ ಇಲ್ಲ.

ಅಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿಗೆ ಮಾತು ಬರುತ್ತಿರಲಿಲ್ಲ. ಹನ್ನೊಂದೋ ಹನ್ನೆರಡೋ ವಯಸ್ಸು. ತಾಯಿಗೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಶಾಲೆ ಸಿಗುವ ಮೊದಲು ಮಗಳ ಕಾಲನ್ನು ಹಳೆ ಸೀರೆಯಲ್ಲಿ ಕಂಬಕ್ಕೆ ಕಟ್ಟಿ, ಬಾಗಿಲು ಎಳೆದುಕೊಂಡು ಹೋಗುತ್ತಿದ್ದಳಂತೆ. ಇದನ್ನು ಅವಳೇ ನನಗೆ ಹೇಳಿದ್ದು, ನನ್ನ ಮುಖ ನೋಡಿಕೊಂಡೇ. ತಲೆ ತಗ್ಗಿಸಿದವಳು ನಾನು.

ಶಾಲೆಗೆ ಬಂದ ಹೊಸದರಲ್ಲಿ ತಾಯಿ ಹೊರಟಳೆಂದರೆ ಹುಡುಗಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಆಯಾ ಅವಳನ್ನು ಒಂದು ಹಸಿರು ಫ್ಯಾನಿನ ಕೆಳಗೆ ಕೂರಿಸಿಕೊಳ್ಳುತ್ತಿದ್ದಳು. ಟಕ್ ಟಕ್ ಎಂದು ಸದ್ದು ಮಾಡುವ ಆ ಫ್ಯಾನನ್ನು ನೋಡುತ್ತ ಅವಳು ಸುಮ್ಮನಾಗುತ್ತಿದ್ದಳು. ಹಾಗೆ ಕೂರಿಸಿಕೊಂಡೇ ಆಯಾ, ಅವಳ ಕೈ ಹಿಡಿದು ತಾಯಿಗೆ ಟಾಟಾ ಮಾಡಿಸುತ್ತಿದ್ದಳು. ವರ್ಷ ದಾಟಿದ ಮೇಲೆ ಒಂದು ಬೆಳಿಗ್ಗೆ ಹುಡುಗಿ ತಾನಾಗಿಯೇ ಫ್ಯಾನಿನ ಕೆಳಗೆ ಕೂತು ಕೈ ಬೀಸಿದಳು. ತಾಯಿ ಬಸ್ಸಿನಲ್ಲಿ ಅತ್ತುಕೊಂಡೇ ಕೆಲಸಕ್ಕೆ ಹೋದಳಂತೆ, ಸಂತೋಷಕ್ಕೆ.

ಆಯಾಳ ಸಂಬಳವನ್ನು ಮೂರು ವರ್ಷ ದೂರದ ನಗರದ ಒಂದು ಟ್ರಸ್ಟ್ ಕೊಟ್ಟಿತು. ಆಮೇಲೆ ಟ್ರಸ್ಟಿನವರು ಇಬ್ಬರು ಕಾರಿನಲ್ಲಿ ಬಂದು, ಎಳನೀರು ಕುಡಿದು, "ಇನ್ನು ನೀವು ಸ್ವಾವಲಂಬಿಗಳಾಗಬೇಕು" ಎಂದರು. ತಾನಾಗಿ ಕೂರಲೂ ಆಗದ ಮಗುವೊಂದು ಅವರೆದುರಿಗೇ ಚಾಪೆಯ ಮೇಲೆ ಮಲಗಿತ್ತು.

ನಮ್ಮ ಊರಿನವರು ಜಿಪುಣರೆಂದು ಹೇಳಲಾರೆ. ಆ ಶಾಲೆಗೆ ಇದ್ದದ್ದು ಮೂರು ಕೋಣೆ, ಬಂದ ಫ್ಯಾನು ಆರು. ಒಂದನ್ನು ಯಾರೂ ಕೂರದ ಜಗಲಿಗೆ ಹಾಕಿದ್ದರು. ಪ್ರತಿಯೊಂದರ ರೆಕ್ಕೆಯ ಮೇಲೂ ಕೆಂಪು ಬಣ್ಣದಲ್ಲಿ ದಾನಿಗಳ ಹೆಸರು. ಗೋಡೆ ಗಡಿಯಾರದ ಮೇಲೆ, ಕಪಾಟಿನ ಮೇಲೆ, ಉಣ್ಣುವ ಬಟ್ಟಲಿನ ತಳದಲ್ಲೂ ಹೆಸರು. ಹಾಗಾಗಿ ಸಂಬಳಕ್ಕೂ ಯಾರಾದರೂ ಸಿಗುತ್ತಾರೆಂದು ನಂಬಿ ಹೊರಟೆ.

ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದು, ರಜೆಗೆ ಊರಿಗೆ ಬಂದಿದ್ದವರೊಬ್ಬರು ಪ್ರೀತಿಯಿಂದಲೇ ಕೂರಿಸಿ ಕಾಫಿ ಕೊಟ್ಟರು. ಹಸಿರು ಫ್ಯಾನು ಅವರದೇ. ನಾನು ಬರೆದದ್ದನ್ನೆಲ್ಲ ಓದಿ ನಕ್ಕರು.

"ಸಂಬ್ಳಕ್ಕ್ ಕೊಟ್ರೆ ಹೆಸ್ರ್ ಎಲ್ ಬರ್ಸೂದ್ ಮರಾಯ್ರೆ? ಆಯಾನ ಬೆನ್ನ್ ಮೇಲಾ?"

"ಬೋರ್ಡಿನಲ್ಲಿ ಹಾಕಿಸುತ್ತೇನೆ," ಎಂದೆ.

"ಅದೆಲ್ಲ ಬ್ಯಾಡ. ಬೇಕಾರೆ ಇನ್ನೊಂದ್ ಫ್ಯಾನ್ ಕೊಡ್ತೆ."

ಹಾಲಾಡಿಯ ವ್ಯಾಪಾರಿಗಳು, ಸ್ವಂತ ಕಟ್ಟಡ ಆಗಲಿ, ಆಮೇಲೆ ನೋಡೋಣ ಎಂದರು. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟು ಕೈ ಖಾಲಿಯಾಗಿದೆ ಎಂದವರೂ ಇದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಎಲ್ಲರೂ ಕಾಫಿ ಕೊಟ್ಟರು.

ಒಂದು ಸಂಜೆ ಆ ತಾಯಿ ಕಾರ್ಖಾನೆಯ ಗೇಟಿನಿಂದಲೇ ಕೂಗಿ ನನ್ನನ್ನು ನಿಲ್ಲಿಸಿದಳು. ಬೀಜದ ಎಣ್ಣೆ ತಾಗಿ ಬೆರಳ ತುದಿಗಳೆಲ್ಲ ಕಪ್ಪು.

"ಹ್ವಾಯ್ ಅಕ್ಕ, ಶಾಲೆ ನಿಲ್ಲತ್ತ್ ಅಂಬ್ರಲೆ, ಹೌದಾ?"

"ಇನ್ನೂ ಪ್ರಯತ್ನ ಮಾಡ್ತಿದ್ದೇನೆ."

"ನಿತ್ರೆ ಮಗಳ್ನ ಎಲ್ ಬಿಟ್ಟ್ ನಾ ಕೆಲ್ಸಕ್ಕ್ ಹೋಪುದ್?"

ಉತ್ತರ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬಸ್ಸು ಬಂತು, ಹತ್ತಿದೆ.

ಆಯಾ ಸಂಬಳವಿಲ್ಲದೆ ಆದಷ್ಟು ದಿನ ದುಡಿದಳು. ಅವಳಿಗೂ ಮನೆ ಇತ್ತು. ಕೊನೆಗೆ ಮಣಿಪಾಲದಲ್ಲಿ ಯಾರದೋ ಮನೆಗೆಲಸಕ್ಕೆ ಸೇರಿದಳು. ಮಳೆಗಾಲ ಶುರುವಾಗುವ ಮೊದಲೇ ಶಾಲೆ ಮುಚ್ಚಿತು. ಟೀಚರು ದಾನಿಗಳನ್ನೆಲ್ಲ ಕೇಳಿದರು, ವಸ್ತುಗಳನ್ನು ಏನು ಮಾಡುವುದೆಂದು. ಹೆಸರು ಮೂಲೆಗೆ ಬೀಳುವುದು ಬೇಡ, ಭಜನಾ ಮಂದಿರದ ಸಭಾಭವನಕ್ಕೆ ಕೊಡಿ ಎಂದರು ಎಲ್ಲರೂ.

ಮರುವರ್ಷ ಅದೇ ಸಭಾಭವನದಲ್ಲಿ ಕಾರ್ಖಾನೆಯ ಹೆಂಗಸೊಬ್ಬಳ ಮಗಳ ಮದುವೆ. ನಾನು ಉಂಡು ಕೈ ತೊಳೆದು ಬರುವಾಗ ಶಾಲೆಗೆ ಬರುತ್ತಿದ್ದ ಆ ಹುಡುಗಿ, ಅವಳ ತಾಯಿ ಬಾಗಿಲಲ್ಲಿ ಸಿಕ್ಕಿದರು. ಹುಡುಗಿ ಎತ್ತರವಾಗಿದ್ದಳು. ಲಂಗದ ಕೆಳಗೆ, ಬಲಗಾಲಿನ ಗಂಟಿನ ಮೇಲೆ ಚರ್ಮ ಉಜ್ಜಿ ಕಪ್ಪಾಗಿ ಬಳೆಯ ಹಾಗೆ ಗುರುತು ಬಿದ್ದಿತ್ತು.

ಜನರ ಗದ್ದಲಕ್ಕೆ ಹುಡುಗಿ ಕೂಗತೊಡಗಿದ್ದಳು. ಇದ್ದಕ್ಕಿದ್ದಂತೆ ಸುಮ್ಮನಾಗಿ ತಲೆ ಎತ್ತಿದಳು. ಮೇಲೆ ಹಸಿರು ಫ್ಯಾನು ಟಕ್ ಟಕ್ ಎಂದು ತಿರುಗುತ್ತಿತ್ತು. ತಾಯಿಯ ಕೈ ಬಿಡಿಸಿಕೊಂಡು ಹೋಗಿ, ಉಣ್ಣುವವರ ಸಾಲಿನ ನಡುವೆ, ಸರಿಯಾಗಿ ಅದರ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಳು. ಮುಖದಲ್ಲಿ ಅಷ್ಟು ನೆಮ್ಮದಿ. ಆಮೇಲೆ ತಾಯಿಯತ್ತ ತಿರುಗಿ ಟಾಟಾ ಮಾಡಿದಳು. ತಾಯಿ ಕದಲದಿದ್ದಾಗ ಮತ್ತೊಮ್ಮೆ ಬೀಸಿದಳು, ಹೊತ್ತಾಯಿತು, ನೀನು ಹೊರಡು ಎನ್ನುವ ಹಾಗೆ.

"ಎಲ್ಲಿಗ್ ಹೋಪುದ್ ಮಗಾ," ಎಂದಳು ತಾಯಿ. ಮಗಳು ಕೈ ಬೀಸುತ್ತಲೇ ಇದ್ದಳು.