ಬರ್ಕನ್‌ಹೆಡ್ಡಿನ ಬಿಕ್ಕಳಿಕೆ

ಇಂಗ್ಲೆಂಡಿನ ಬಂದರು ಊರು ಬರ್ಕನ್‌ಹೆಡ್ಡಿನ ಸಿರಿಲ್ ಆರ್ಮರಾಡ್ ಹಡಗಿನಲ್ಲಿ ಬಟ್ಟೆ ಒಗೆಯುವ ಕೆಲಸದವನು. ಅಮೆರಿಕಕ್ಕೆ ಹೋದವರೆಲ್ಲ ನೈಲಾನ್ ಕಾಲುಚೀಲ ತಂದರೆ, ಇವನು ಇಸ್ತ್ರಿ ಅಂಗಿಗಳ ನಡುವೆ ಗ್ರಾಮಫೋನ್ ತಟ್ಟೆಗಳನ್ನಿಟ್ಟು ತರುತ್ತಿದ್ದ. ಷಿಕಾಗೋದ ಕಪ್ಪು ಗಾಯಕರ ನೋವಿನ ಹಾಡು ಬ್ಲೂಸ್, ಅದಕ್ಕೆ ಹಳ್ಳಿ ಹಾಡು ಬೆರೆಸಿದ ಮೆಂಫಿಸ್ ಹುಡುಗರ ರಾಕಬಿಲಿ.

ಸಿರಿಲ್ ಊರಲ್ಲಿದ್ದಾಗಲೆಲ್ಲ ಅವನ್ನು ಕೇಳಲು ದಂತವೈದ್ಯರ ಮಗ ಕ್ಲೈವ್ ದಿನವೂ ಅವನ ಮನೆಗೆ ಬಂದು ಕೂರುತ್ತಿದ್ದ. ರಾಕಬಿಲಿಯವರು ಪದದ ಮಧ್ಯೆ ಬಿಕ್ಕಳಿಸಿ ಹಾಡುವ ವರಸೆಯನ್ನು ಸಿರಿಲ್ ಅವನಿಗೆ ವಾರಗಟ್ಟಲೆ ಹೇಳಿಕೊಟ್ಟ. ಸಿರಿಲ್‌ನ ತಾಯಿ ಹಿಲ್ಡಾ ಅಡುಗೆಮನೆಯಿಂದ ನೀರು ಹಿಡಿದು ಓಡಿಬರುತ್ತಿದ್ದಳು.

"ಮೂಗು ಹಿಡ್ಕೊಂಡು ಕುಡಿಯೋ, ನಿಲ್ಲತ್ತೆ."

"ಬಿಕ್ಕಳಿಕೆ ಅಲ್ಲ ಆಂಟಿ, ಸಂಗೀತ!"

"ಏನಾದ್ರೂ ಆಗ್ಲಿ, ಕುಡಿ."

ಹತ್ತು ವರ್ಷದಲ್ಲಿ ಕ್ಲೈವ್‌ನ ರಾಕ್ ತಂಡ ಎಲ್ಲೆಲ್ಲೂ ಹೆಸರಾಯಿತು. ತನ್ನ ಹಾಡು ಹುಟ್ಟಿದ್ದೇ ಹಸಿವಿನಿಂದ ಎಂದು ಅವನು ಪತ್ರಿಕೆಯವರಿಗೆ ಹೇಳತೊಡಗಿದ. ಟಿವಿಯವರು ಆ ಹಸಿವಿನ ಮನೆ ತೋರಿಸಿ ಎಂದು ಗಂಟುಬಿದ್ದರು. ಅವನಪ್ಪನ ಮನೆಯಲ್ಲಿ ಟೆನಿಸ್ ಅಂಗಳವಿತ್ತು. ಕ್ಲೈವ್ ಕ್ಯಾಮೆರಾಗಳನ್ನೆಲ್ಲ ಕಟ್ಟಿಕೊಂಡು ನೇರ ಸಿರಿಲ್ ಮನೆಗೆ ಬಂದ.

"ಒಂದು ಮಧ್ಯಾಹ್ನ ಅಷ್ಟೇ ಕಣೋ. ಇಲ್ಲೇ ಬೆಳೆದೆ ಅಂತೀನಿ. ಪೂರ್ತಿ ಸುಳ್ಳೇನಲ್ಲವಲ್ಲ?"

ಸಿರಿಲ್ ಸಂಕೋಚದ ಪ್ರಾಣಿ. ಇಲ್ಲ ಎನ್ನಲಾಗದೆ ತಲೆಯಾಡಿಸಿದ.

ಕ್ಯಾಮೆರಾ ಓಡಿತು. ಕ್ಲೈವ್ ತೇವದ ಗೋಡೆ ಸವರಿ ನಿಟ್ಟುಸಿರಿಟ್ಟ. "ಇಲ್ಲಿ ಎಷ್ಟೋ ದಿನ ಖಾಲಿ ಹೊಟ್ಟೇಲಿ ಹಾಡಿದೀನಿ."

"ಖಾಲಿ ಹೊಟ್ಟೇನಾ?" ಹಿಲ್ಡಾ ಸೌಟು ಹಿಡಿದೇ ಬಂದಳು. "ಮಾಂಸದ ಸಾರಿನ ಪಾತ್ರೇನ ಬ್ರೆಡ್ಡಲ್ಲಿ ಒರೆಸಿ ಒರೆಸಿ ತಿಂದೋನು ಯಾರಪ್ಪಾ?"

"ಆಹಾ, ಎಂಥಾ ತಾಯಿ!" ಎಂದು ನಿರ್ದೇಶಕ ಕರಗಿಹೋದ. ಹಿನ್ನೆಲೆಗೆ ಹಳೆಯ ಹಾಡೇನಾದರೂ ಇದೆಯೇ ಎಂದು ಕೇಳಿದ.

ಸಿರಿಲ್ ಒಂದು ತಟ್ಟೆ ಹಾಕಿದ. ಕ್ಲೈವ್‌ಗೆ ಹೆಸರು ತಂದ ಹಾಡಿನದೇ ಗಿಟಾರು, ಅದೇ ಬಿಕ್ಕಳಿಕೆ.

"ಇದು ನಿಮ್ಮ ಮೊದಲ ರೆಕಾರ್ಡಾ ಸಾರ್?" ಎಂದು ನಿರ್ದೇಶಕ ಕ್ಲೈವ್‌ನನ್ನು ಕೇಳಿದ.

ಕ್ಲೈವ್ ಕಿವಿ ಕೆಂಪಾಯಿತು. ಸಿರಿಲ್‌ಗೆ ಎಲ್ಲಿಲ್ಲದ ಧೈರ್ಯ ಬಂತು. "ಅಲ್ಲ ಸ್ವಾಮಿ, ಇದ್ರಲ್ಲಿ ಹಾಡೋನು ಮೆಂಫಿಸ್‌ನ ವಾರ್ಡೆಲ್ ಟಾಲಿವರ್. ಇವನಿಗೆ ಗಿಟಾರ್ ಕಲಿಸಿದ್ದು ಬ್ಲೂಸ್ ಹಾಡ್ತಿದ್ದ ಐಸಾಯಾ ಪ್ರೂಯಿಟ್. ಅದೂ ಇದೆ, ಹಾಕ್ಲಾ?"

"ಬೇಡ!" ಎಂದ ಕ್ಲೈವ್.

ಟಿವಿಯಲ್ಲಿ ಆ ಭಾಗ ಬರಲೇ ಇಲ್ಲ. ಹಿಲ್ಡಾ ಮಾತ್ರ ಟಿವಿ ನೋಡಿದವರಿಗೆಲ್ಲ ಕ್ಲೈವ್‌ನ ತಾಯಿಯಾದಳು. ಅಭಿಮಾನಿಗಳು ಹೂವು ಹಿಡಿದು ಬಾಗಿಲಿಗೆ ಬರತೊಡಗಿದರು. ಸಿರಿಲ್ ಅವರನ್ನು ಕೂರಿಸಿ ಟೀ ಕೊಟ್ಟು, ಮೊದಲು ಪ್ರೂಯಿಟ್, ಆಮೇಲೆ ಟಾಲಿವರ್ ಕೇಳಿಸುತ್ತಿದ್ದ. ಹೆಚ್ಚಿನವರು ಬಸ್ಸಿನ ನೆಪ ಹೇಳಿ ಜಾರಿಕೊಳ್ಳುತ್ತಿದ್ದರು. ಕ್ರೂ ಊರಿನ ಬೆರಿಲ್ ಒಬ್ಬಳು ಮಾತ್ರ, "ಪ್ರೂಯಿಟ್ದು ಇನ್ನೊಂದ್ಸಲ ಹಾಕ್ತೀರಾ?" ಎಂದಳು.

ಮರುವರ್ಷ ಸಿರಿಲ್ ಅವಳನ್ನೇ ಮದುವೆಯಾದ. ಕ್ಲೈವ್ ಬಂದಿದ್ದ. ಹಿಲ್ಡಾ ಅವನನ್ನು ನೆಂಟರಿಗೆಲ್ಲ "ನನ್ನ ಇನ್ನೊಬ್ಬ ಮಗ" ಎಂದು ಪರಿಚಯಿಸಿ, ತಟ್ಟೆಲೋಟ ಎತ್ತಲು ಹಚ್ಚಿದಳು. ಅವನು ತೋಳು ಮಡಚಿ ಎತ್ತಿದ.